ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ರೋಗಿಯ ಆರೈಕೆ: ಮನೆಯವರಿಗೆ ಯಾವ ಕೆಲಸ ಕಲಿಸಬೇಕು, ಯಾವುದು ಅವರ ಕೈಯಲ್ಲಿ ಬೇಡ?

ಗ್ಯಾಸ್ಟ್ರೋ ವಾರ್ಡ್ ಸಿಸ್ಟರ್
ಅಲ್ಸರೇಟಿವ್ ಕೊಲೈಟಿಸ್ ಅಂದರೆ ದೊಡ್ಡ ಕರುಳಿನ ಒಳಪದರ ಹುಣ್ಣಾಗುವ ರೋಗ, ಕ್ರೋನ್ಸ್ ಅಂದರೆ ಕರುಳಿನ ಯಾವ ಭಾಗದಲ್ಲಾದರೂ ಊತ ಬರುವ ರೋಗ, ಎರಡೂ ದೀರ್ಘಕಾಲದವು. ನಮ್ಮ ಕಡೆ ರೋಗಿಯ ಜೊತೆ ಒಬ್ಬರು ಅಟೆಂಡರ್ ಇದ್ದೇ ಇರುತ್ತಾರೆ. ಫಾರ್ಮಸಿಯಿಂದ ಔಷಧಿ ತರುವುದು, ಬಿಲ್ ಕಟ್ಟುವುದು, ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು ತರುವುದು, ಅಲ್ಲಿಗೆ ಅವರ ಪಾಲು ಮುಗಿಯುತ್ತದೆ. ಡಿಸ್ಚಾರ್ಜ್ ಆದ ಮರುದಿನ ಅದೇ ವ್ಯಕ್ತಿ ಎನಿಮಾ ಕೊಡಬೇಕು, ಸ್ಟೋಮಾ (ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ತೆರೆದಿಟ್ಟ ಕರುಳಿನ ಬಾಯಿ) ಚೀಲ ಬದಲಿಸಬೇಕು, ಸ್ಟೀರಾಯ್ಡ್ ಲೆಕ್ಕ ಇಡಬೇಕು. ಗಾಡಿ ಬಂದು ಬಾಗಿಲಲ್ಲಿ ನಿಂತಿರುವಾಗ ಹತ್ತು ನಿಮಿಷದಲ್ಲಿ ಹೇಳಿಕೊಟ್ಟದ್ದು ಯಾರ ತಲೆಗೂ ಹತ್ತುವುದಿಲ್ಲ. ಅಡ್ಮಿಟ್ ಆದ ದಿನದಿಂದಲೇ ಕಲಿಸಬೇಕು ಅನ್ನುವುದು ನನ್ನ ವಾದ.

ಮೊದಲ ದಿನವೇ ಕೊಡಬಹುದಾದ ಕೆಲಸ ಮಲದ ಚಾರ್ಟ್. ಒಂದು ಹಾಳೆ, ಐದು ಕಲಂ: ಹೊತ್ತು, ಬ್ರಿಸ್ಟಲ್ ಪಟ್ಟಿಯ ಸಂಖ್ಯೆ (1 ಅಂದರೆ ಗಟ್ಟಿ ಉಂಡೆ, 7 ಅಂದರೆ ಬರೀ ನೀರು), ರಕ್ತ (ಇಲ್ಲ, ಗೆರೆಯಷ್ಟು, ಬೆರೆತಿದೆ, ಬರೀ ರಕ್ತ), ನಿದ್ದೆಯಿಂದ ಎದ್ದು ಹೋದದ್ದೇ, ತಡೆದುಕೊಳ್ಳಲು ಆಯಿತೇ. ಹಾಳೆಯನ್ನು ಮಂಚಕ್ಕೆ ಕಟ್ಟಿ, ಪೆನ್ನನ್ನೂ ದಾರದಲ್ಲಿ ಕಟ್ಟಿಬಿಡಿ, ಇಲ್ಲದಿದ್ದರೆ ಸಂಜೆಯೊಳಗೆ ಮಾಯ.

ತಪ್ಪಾಗುವುದು ಮೂರು ಕಡೆ. ‘ಮಲ ಬರಲಿಲ್ಲ, ಬರೀ ಲೋಳೆ ಮತ್ತು ರಕ್ತ’ ಅಂತ ಆ ಬಾರಿಯನ್ನು ಬಿಟ್ಟುಬಿಡುತ್ತಾರೆ. ಅದನ್ನೂ ಎಣಿಸಬೇಕು. ಅಟೆಂಡರ್ ಮಲಗಿದ್ದಾಗ ಹೋದದ್ದು ಲೆಕ್ಕಕ್ಕೆ ಸೇರುವುದಿಲ್ಲ. ಬೆಳಿಗ್ಗೆ ರೌಂಡ್ಸಿಗೆ ಮೊದಲು ನೆನಪಿನಿಂದ ‘ನಾಲ್ಕೈದು ಸಲ’ ಎಂದು ಬರೆಯುತ್ತಾರೆ. ತೀವ್ರ ಕೊಲೈಟಿಸ್‌ನಲ್ಲಿ ರಕ್ತನಾಳಕ್ಕೆ ಹಾಕುವ ಸ್ಟೀರಾಯ್ಡ್ (ಊತ ತಗ್ಗಿಸುವ ಮದ್ದು) ಶುರುವಾಗಿ ಮೂರನೇ ದಿನ ಡಾಕ್ಟರ್ ನೋಡುವುದೇ ಈ ಅಂಕಿಯನ್ನು. 24 ಗಂಟೆಯಲ್ಲಿ 8ಕ್ಕಿಂತ ಹೆಚ್ಚು ಸಲ, ಅಥವಾ 3ರಿಂದ 8 ಸಲ ಇದ್ದು ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) 45 ದಾಟಿದ್ದರೆ ಸ್ಟೀರಾಯ್ಡ್ ಹಿಡಿಯುತ್ತಿಲ್ಲ ಎಂದು ಅರ್ಥ. ಮುಂದಿನ ಮದ್ದೋ ಆಪರೇಷನ್ನೋ ಎಂಬ ಮಾತು ಆಗಲೇ ಎತ್ತಬೇಕು. ಒಂದು ರಾತ್ರಿಯ ನಾಲ್ಕು ಸಲ ತಪ್ಪಿದರೆ ಆ ಮಾತು ಎರಡು ದಿನ ಮುಂದೆ ಹೋಗುತ್ತದೆ.

ಎಂಡೋಸ್ಕೋಪಿ ರೂಮ್
ಸಿಸ್ಟರ್ ಹೇಳಿದ್ದು ಸರಿ. ಅಡ್ಮಿಟ್ ಮಾಡುವುದಕ್ಕೂ ಅದೇ ಎಣಿಕೆ ಬೇಕು. 1955ರಿಂದ ಬಳಕೆಯಲ್ಲಿರುವ ಟ್ರೂಲವ್-ವಿಟ್ಸ್ ಅಳತೆ ಇವತ್ತಿಗೂ ನಡೆಯುತ್ತಿದೆ: ದಿನಕ್ಕೆ 6 ಅಥವಾ ಹೆಚ್ಚು ಸಲ ರಕ್ತಭೇದಿ, ಅದರ ಜೊತೆಗೆ ನಾಡಿ 90 ದಾಟಿರುವುದು, ಜ್ವರ 37.8 ಡಿಗ್ರಿ ಸೆಲ್ಸಿಯಸ್ ದಾಟಿರುವುದು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಇಎಸ್‌ಆರ್ (ಉರಿಯೂತ ತೋರಿಸುವ ಇನ್ನೊಂದು ರಕ್ತಪರೀಕ್ಷೆ) 30ಕ್ಕಿಂತ ಹೆಚ್ಚು, ಇವುಗಳಲ್ಲಿ ಒಂದಾದರೂ ಇದ್ದರೆ ತೀವ್ರ. ಮೊದಲ ಮೂರನ್ನು ಮನೆಯವರೇ ನೋಡಬಹುದು, ಗಡಿಯಾರ ಮತ್ತು ಥರ್ಮಾಮೀಟರ್ ಸಾಕು. ಇನ್ನೊಂದು ಸಂಗತಿ: ವಾರ್ಡಿನಲ್ಲಿ ಮನೆಯವರು ಅತಿ ಹೆಚ್ಚು ಬೇಡ ಅನ್ನುವುದು ಹೆಪರಿನ್ ಇಂಜೆಕ್ಷನ್ನನ್ನು. ‘ರಕ್ತ ಹೋಗುತ್ತಿರುವವರಿಗೆ ರಕ್ತ ತೆಳು ಮಾಡುವ ಮದ್ದೇ?’ ಎಂಬ ಪ್ರಶ್ನೆ ಸಹಜವೇ. ಕರುಳು ಕೆರಳಿರುವಾಗ ದೇಹವೆಲ್ಲ ರಕ್ತ ಹೆಪ್ಪುಗಟ್ಟಲು ತುದಿಗಾಲಲ್ಲಿರುತ್ತದೆ. ಅದರ ಮೇಲೆ ರೋಗಿ ಮಲಗಿದ್ದಲ್ಲೇ ಇರುತ್ತಾರೆ, ನೀರೂ ಕಡಿಮೆಯಾಗಿರುತ್ತದೆ. ಕಾಲಿನಲ್ಲಿ ಗಡ್ಡೆ ಕಟ್ಟಿ ಶ್ವಾಸಕೋಶಕ್ಕೆ ಹೋದರೆ ಕೊಲೈಟಿಸ್‌ಗಿಂತ ಅದೇ ಬೇಗ ಜೀವ ತೆಗೆಯುತ್ತದೆ. ಈ ಅಳತೆಯ ಹೆಪರಿನ್‌ನಿಂದ ಕರುಳಿನ ರಕ್ತಸ್ರಾವ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಒಂದು ಕಾಲು ಮಾತ್ರ ಊದಿದರೆ, ಮೀನಖಂಡ ನೋಯುತ್ತಿದ್ದರೆ ಕೂಡಲೇ ಹೇಳಿ ಎಂದು ಅಟೆಂಡರ್‌ಗೆ ತಿಳಿಸಿಡಿ.

ಶಿವಮೊಗ್ಗ ಕೇರ್‌ಗಿವರ್
ಭೇದಿ ನಿಲ್ಲಲಿ ಎಂದು ಮೆಡಿಕಲ್ ಶಾಪಿನಿಂದ ಲೋಪೆರಮೈಡ್ ತಂದು ಕೊಡುವುದು ತಪ್ಪಾ? ಡಾಕ್ಟರೇ ಕೆಲವರಿಗೆ ಬರೆಯುತ್ತಾರಲ್ಲ.

ಎಂಡೋಸ್ಕೋಪಿ ರೂಮ್
ಕರುಳು ಶಾಂತವಾಗಿರುವವರಿಗೆ, ಇಲಿಯಾಸ್ಟಮಿ (ಸಣ್ಣ ಕರುಳಿನ ಸ್ಟೋಮಾ) ಇರುವವರಿಗೆ ಬರೆಯುತ್ತಾರೆ. ರಕ್ತಭೇದಿ ಜೋರಾಗಿರುವಾಗ ಕೊಟ್ಟರೆ ದೊಡ್ಡ ಕರುಳು ಚಲನೆ ಕಳೆದುಕೊಂಡು ಬಲೂನಿನ ಹಾಗೆ ಹಿಗ್ಗಬಹುದು. ಟಾಕ್ಸಿಕ್ ಮೆಗಾಕೋಲನ್ ಎನ್ನುವುದು ಇದನ್ನೇ. ನೋವಿಗೆ ಕೊಡುವ ಟ್ರಮಡಾಲ್ ಜಾತಿಯ ಮದ್ದಿಗೂ ಇದೇ ಮಾತು. ಭೇದಿ ಹಠಾತ್ತನೆ ಕಡಿಮೆಯಾಗಿ ಹೊಟ್ಟೆ ಉಬ್ಬಿ ಬಿಗಿಯಾದರೆ ‘ಗುಣವಾಯಿತು’ ಎಂದು ಹಿಗ್ಗಬೇಡಿ. ಅದು ಓಡಿಬರಬೇಕಾದ ಹೊತ್ತು.

ಶಿವಮೊಗ್ಗ ಕೇರ್‌ಗಿವರ್
ಮೆಸಲಮೈನ್ ಎನಿಮಾ (ಗುದದ ಮೂಲಕ ಕೊಡುವ, ಕರುಳಿನ ಊತ ಇಳಿಸುವ ದ್ರವ ಮದ್ದು) ಕೊಟ್ಟ ಹತ್ತೇ ನಿಮಿಷಕ್ಕೆ ಹೊರಗೆ ಬಂದುಬಿಡುತ್ತದೆ ಎಂದು ಬಹಳ ಮನೆಗಳಲ್ಲಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಎಲ್ಲಿ ಎಡವುತ್ತಾರೆ?

ಗ್ಯಾಸ್ಟ್ರೋ ವಾರ್ಡ್ ಸಿಸ್ಟರ್
ಬಹುಪಾಲು ಮೂರು ಕಾರಣ: ಬಾಟಲಿ ತಣ್ಣಗಿರುತ್ತದೆ, ಬೇಗ ಹಿಂಡುತ್ತಾರೆ, ಕೊಟ್ಟ ಮೇಲೆ ಎದ್ದು ಓಡಾಡುತ್ತಾರೆ. ಸರಿಯಾದ ಕ್ರಮ ಇದು. ರಾತ್ರಿ ಮಲಗುವ ಹೊತ್ತಿಗೆ, ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ ಮಾತ್ರ. 60 ಮಿ.ಲೀ. ಬಾಟಲಿಯನ್ನು ಹತ್ತು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿ. ತೆಗೆದು ಚೆನ್ನಾಗಿ ಕುಲುಕಿ, ಮದ್ದು ತಳದಲ್ಲಿ ಕೂತಿರುತ್ತದೆ. ಹಳೆಯ ಟವಲ್ ಹಾಸಿ, ಮದ್ದಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ರೋಗಿ ಎಡ ಮಗ್ಗುಲಲ್ಲಿ ಮಲಗಿ, ಎಡಗಾಲು ನೀಡಿ, ಬಲ ಮೊಣಕಾಲು ಎದೆಯ ಕಡೆ ಮಡಚಬೇಕು. ದೊಡ್ಡ ಕರುಳಿನ ಕೊನೆಯ ಭಾಗ ಎಡಕ್ಕಿರುವುದರಿಂದ ಮದ್ದು ತಾನಾಗಿ ಒಳಗಿಳಿಯುತ್ತದೆ. ತುದಿಗೆ ಜೆಲ್ ಸವರಿ, ಹೊಕ್ಕುಳಿನ ದಿಕ್ಕಿಗೆ ಮೆಲ್ಲಗೆ ಒಳಗಿಡಿ. ತಡೆದರೆ ಒತ್ತಬೇಡಿ. ಸುಮಾರು ಒಂದು ನಿಮಿಷ ತೆಗೆದುಕೊಂಡು ಹಿಂಡಿ, ಹಿಂಡಿದ ಹಿಡಿತ ಬಿಡದೆಯೇ ಹೊರಗೆ ತೆಗೆಯಿರಿ. ಹಿಡಿತ ಬಿಟ್ಟರೆ ಬಾಟಲಿ ಮದ್ದನ್ನು ವಾಪಸ್ ಎಳೆದುಕೊಳ್ಳುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆಮೇಲೆ ಅರ್ಧ ಗಂಟೆ ಅದೇ ಮಗ್ಗುಲು, ಆದಷ್ಟು ಮಟ್ಟಿಗೆ ರಾತ್ರಿಯಿಡೀ ಒಳಗೇ ಇರಬೇಕು.

ಕರುಳು ಬಹಳ ಕೆರಳಿದಾಗ ಗುದನಾಳ ಹಿಗ್ಗುವುದೇ ಇಲ್ಲ, ಮೊದಲ ಕೆಲವು ದಿನ ನಿಲ್ಲದಿರಬಹುದು. ಸೊಂಟದ ಕೆಳಗೆ ದಿಂಬಿಟ್ಟು ನೋಡಿ. ಆಗಲೂ ಆಗದಿದ್ದರೆ ಫೋಮ್ ಅಥವಾ ಸಪೊಸಿಟರಿಗೆ (ಗುದದೊಳಗಿಡುವ ಮಾತ್ರೆ) ಬದಲಿಸಬಹುದೇ ಎಂದು ಕೇಳಿ. ನೀವೇ ನಿಲ್ಲಿಸಬೇಡಿ.

ಇನ್ನೊಂದು ಮಾತು. ಇದನ್ನು ಯಾರು ಮಾಡಬೇಕೆಂದು ರೋಗಿಯನ್ನೇ ಕೇಳಿ, ಅವರೊಬ್ಬರೇ ಇರುವಾಗ. ಅಮ್ಮನಿಗೆ ಮಗನ ಕೈಯಲ್ಲಿ ಬೇಡ, ಮಾವನಿಗೆ ಸೊಸೆಯ ಕೈಯಲ್ಲಿ ಬೇಡ. ಆದರೆ ಎಲ್ಲರೆದುರು ಕೇಳಿದರೆ ಬಾಯಿಬಿಟ್ಟು ಹೇಳುವುದಿಲ್ಲ, ಎನಿಮಾವನ್ನೇ ಬೇಡವೆನ್ನುತ್ತಾರೆ. ಹೆಚ್ಚಿನವರು ತಾವೇ ಹಾಕಿಕೊಳ್ಳಲು ಕಲಿಯುತ್ತಾರೆ. ಮನೆಯವರು ಬಾಟಲಿ ಬೆಚ್ಚಗೆ ಮಾಡಿ ಕೊಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೋದರೆ ಸಾಕು.

ಫಾರ್ಮಸಿ ಕೌಂಟರ್
ಮಾತ್ರೆಗಳ ಕಡೆ ಬರೋಣ. ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) 40 ಮಿ.ಗ್ರಾಂ.ನಿಂದ ವಾರಕ್ಕೆ 5 ಮಿ.ಗ್ರಾಂ. ಇಳಿಸುವ ಚೀಟಿ ಅಂದರೆ ಎಂಟು ವಾರ: 40, 35, 30 ಹೀಗೆ 5ರವರೆಗೆ. ಮನೆಯಲ್ಲಿ 20, 10, 5ರ ಸ್ಟ್ರಿಪ್ ಮೂರೂ ಒಂದೇ ಡಬ್ಬಿಯಲ್ಲಿರುತ್ತವೆ, ಗೊಂದಲ ಅಲ್ಲೇ ಹುಟ್ಟುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ಆ ದಿನದ ಒಟ್ಟು ಮಿ.ಗ್ರಾಂ. ಬರೆದು, ನುಂಗಿದ ಮೇಲೆ ಗೀಟು ಹಾಕಿ. ತಿಂಡಿ ತಿಂದ ಮೇಲೆ, ಬೆಳಿಗ್ಗೆಯೇ. ಸಂಜೆ ಕೊಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ. ಮುಖ ಊದಿತು ಎಂದು ಹೆದರಿ ಮಧ್ಯದಲ್ಲಿ ನಿಲ್ಲಿಸುವುದು ಅತಿ ಅಪಾಯದ ತಪ್ಪು. ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಕೆಯನ್ನು ಆ ಹೊತ್ತಿಗೆ ನಿಲ್ಲಿಸಿರುತ್ತದೆ. ಮಾತ್ರೆ ಹಠಾತ್ ನಿಂತರೆ ವಾಂತಿ, ಸುಸ್ತು, ಬಿಪಿ ಕುಸಿತ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ.

ಶುಗರ್ ನೋಡುವವರು ಬರೀ ಖಾಲಿ ಹೊಟ್ಟೆಯದು ನೋಡಿ ‘ನಾರ್ಮಲ್’ ಅನ್ನುತ್ತಾರೆ. ಬೆಳಿಗ್ಗೆಯ ಪ್ರೆಡ್ನಿಸೊಲೋನ್ ಮಧ್ಯಾಹ್ನ, ಸಂಜೆ ಶುಗರ್ ಏರಿಸುತ್ತದೆ. ಊಟವಾದ ಎರಡು ಗಂಟೆಗೆ ನೋಡಿ.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಎರಡೂ ಬೆರೆಸಿದ ಮಾತ್ರೆಗಳು ಹೆಚ್ಚು ಓಡುತ್ತವೆ, ಸ್ಟ್ರಿಪ್‌ನ ಹಿಂದೆ ಓದಿ. ಅಜಾಥಯೊಪ್ರಿನ್ (ಇಮ್ಯೂನಿಟಿ ತಗ್ಗಿಸುವ ಮಾತ್ರೆ) ತಗೊಳ್ಳುವವರಿಗೆ ಯೂರಿಕ್ ಆಸಿಡ್ ಎಂದು ಬೇರೆ ಡಾಕ್ಟರ್ ಅಲೊಪ್ಯೂರಿನಾಲ್ ಬರೆದರೆ ಕೊಡುವ ಮೊದಲು ಕೇಳಲೇಬೇಕು, ಎರಡೂ ಸೇರಿದರೆ ಮೂಳೆಮಜ್ಜೆ ಕುಸಿಯುತ್ತದೆ. ಅಜಾಥಯೊಪ್ರಿನ್ ಶುರುವಾದ ಮೊದಲ ವಾರಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರಿದರೆ ಎಣ್ಣೆ, ಶಾಂಪೂ ಬದಲಿಸಿ ಕಾಯಬೇಡಿ. ನಮ್ಮ ಜನರಲ್ಲಿ ಎನ್‌ಯುಡಿಟಿ15 ಎಂಬ ಜೀನ್‌ನ ವ್ಯತ್ಯಾಸ ಇರುವವರಿಗೆ ಹೀಗಾಗುತ್ತದೆ, ಬಿಳಿ ರಕ್ತಕಣ ತಳಕ್ಕಿಳಿಯುವ ಸೂಚನೆ ಅದು. ಅದೇ ದಿನ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ.

ಕಲಬುರಗಿ ಓದುಗ
ಅಡಾಲಿಮುಮ್ಯಾಬ್ (ಇಮ್ಯೂನಿಟಿ ತಗ್ಗಿಸುವ ಮದ್ದು) ಇಂಜೆಕ್ಷನ್ನನ್ನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತರುವವರಿದ್ದಾರೆ. ಐಸ್‌ನಲ್ಲಿ ಮುಳುಗಿಸಿ ತಂದರೆ ನಡೆಯುತ್ತದಾ?

ಫಾರ್ಮಸಿ ಕೌಂಟರ್
ಐಸ್‌ಗೆ ತಾಗಿದರೇ ಕೆಡುವುದು ಹೆಚ್ಚು ಸರ್. 2ರಿಂದ 8 ಡಿಗ್ರಿ ಇರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ಜೆಲ್ ಪ್ಯಾಕನ್ನು ಟವಲಿನಲ್ಲಿ ಸುತ್ತಿ, ಮದ್ದಿನ ಡಬ್ಬಿ ಮತ್ತು ಪ್ಯಾಕಿನ ನಡುವೆ ರಟ್ಟು ಇಟ್ಟು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕೈಯಲ್ಲೇ ಹಿಡಿದುಕೊಳ್ಳಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ. ಮನೆಯ ಫ್ರಿಜ್‌ನಲ್ಲಿ ನಡುವಿನ ತಟ್ಟೆ, ಬಾಗಿಲಲ್ಲೂ ಅಲ್ಲ, ಫ್ರೀಜರ್ ಗೋಡೆಗೆ ತಾಗಿಸಿಯೂ ಅಲ್ಲ. ಕೊಡುವ ಅರ್ಧ ಗಂಟೆ ಮೊದಲು ಹೊರಗಿಡಿ. ಬಿಸಿನೀರಿನಲ್ಲಿ ಅದ್ದಬೇಡಿ, ಕುಲುಕಬೇಡಿ (ಎನಿಮಾ ಕುಲುಕಬೇಕು, ಇದನ್ನಲ್ಲ, ಅದಲು ಬದಲು ಮಾಡುವವರಿದ್ದಾರೆ). ತೊಡೆಯ ಮುಂಭಾಗ, ಅಥವಾ ಹೊಕ್ಕುಳಿನಿಂದ ಮೂರು ಬೆರಳು ದೂರದಲ್ಲಿ ಹೊಟ್ಟೆ. ಪ್ರತಿ ಸಲ ಜಾಗ ಬದಲಿಸಿ. ಜ್ವರವಿದ್ದರೆ ಆ ಡೋಸ್ ಹಾಕುವ ಮೊದಲು ಡಾಕ್ಟರನ್ನು ಕೇಳಿ.

ಗ್ಯಾಸ್ಟ್ರೋ ವಾರ್ಡ್ ಸಿಸ್ಟರ್
ಇದಕ್ಕೆ ಟಿಬಿ ಮಾತು ಸೇರಿಸಲೇಬೇಕು, ಇಂಥ ಮದ್ದಿನಲ್ಲಿರುವಾಗ ಅಡಗಿರುವ ಟಿಬಿ ಎಚ್ಚರಗೊಳ್ಳಬಹುದು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಮಾಂಟೂ (ಚರ್ಮದ) ಅಥವಾ ಇಗ್ರಾ (ರಕ್ತದ) ಪರೀಕ್ಷೆ ಮಾಡಿಸುತ್ತಾರೆ. ಆದರೆ ಅದು ಆ ದಿನದ ಚಿತ್ರ ಅಷ್ಟೇ. ಆಮೇಲೆ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಯಾರಿಗಾದರೂ ಟಿಬಿ ಬಂದರೆ ‘ಅವರ ವಿಷಯ ನಮಗ್ಯಾಕೆ’ ಎನ್ನದೆ ಹೇಳಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಇವನ್ನು ರೋಗಿಗಿಂತ ಮೊದಲು ಗಮನಿಸುವುದು ಜೊತೆಗಿರುವವರೇ.

ತಾಯಿ ಮಗು ವಿಭಾಗ
ಒಂದು ಸಂಗತಿ ಬಿಟ್ಟುಹೋಗಿದೆ. ಗರ್ಭಿಣಿಯಾಗಿದ್ದಾಗ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್ ತೆಗೆದುಕೊಂಡಿದ್ದರೆ ಮದ್ದು ಮಗುವಿನ ರಕ್ತಕ್ಕೂ ದಾಟಿರುತ್ತದೆ, ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮಲ್ಲಿ ಟಿಬಿ ತಡೆಯುವ ಬಿಸಿಜಿ ಹುಟ್ಟಿದ ದಿನವೇ ಹಾಕಿಬಿಡುತ್ತಾರೆ. ಅದು ಜೀವಂತ ಲಸಿಕೆ, ಈ ಮಗುವಿಗೆ ಆಗ ಕೊಡಬಾರದು. ಕನಿಷ್ಠ ಆರು ತಿಂಗಳು ಮುಂದೂಡುತ್ತಾರೆ, ಒಂದು ವರ್ಷ ಕಾಯಿರಿ ಅನ್ನುವ ಮಾರ್ಗಸೂಚಿಗಳೂ ಇವೆ. ಹೆರಿಗೆ ಬೇರೆ ಊರಲ್ಲಿ, ತವರಿನಲ್ಲಿ ಆಗುವುದರಿಂದ ಅಲ್ಲಿನ ಸಿಸ್ಟರ್‌ಗೆ ತಾಯಿಯ ಮದ್ದಿನ ವಿಷಯ ಗೊತ್ತೇ ಇರುವುದಿಲ್ಲ. ತಾಯಿ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಮಗುವಿಗೆ ಬಿಸಿಜಿ ಈಗ ಬೇಡ’ ಎಂದು ಬರೆಸಿ, ಅಜ್ಜಿಗೂ ಹೇಳಿಡಿ. ಹೆರಿಗೆ ವಾರ್ಡಿನಲ್ಲಿ ಮಗು ಇರುವುದು ಅಜ್ಜಿಯ ಮಡಿಲಲ್ಲೇ. ಬಾಯಿಗೆ ಹಾಕುವ ಪೋಲಿಯೊ, ರೋಟಾ ಲಸಿಕೆಗಳೂ ಜೀವಂತ ಲಸಿಕೆಗಳೇ, ಅವುಗಳ ಬಗ್ಗೆಯೂ ಮಕ್ಕಳ ಡಾಕ್ಟರನ್ನು ಮೊದಲೇ ಕೇಳಿ. ರೋಗಿ ಮನೆಯ ಬೇರೆಯವರಾಗಿದ್ದು ಬಲವಾದ ಇಮ್ಯೂನ್ ಮದ್ದಿನಲ್ಲಿದ್ದರೆ, ಮಗುವಿಗೆ ರೋಟಾ ಹಾಕಿದ ನಾಲ್ಕು ವಾರ ಅದರ ಬಟ್ಟೆ, ಡೈಪರ್ ಬದಲಿಸುವ ಕೆಲಸ ಅವರಿಗೆ ಬೇಡ.

ಅಡುಗೆಮನೆ ಡಯಟ್
ನಾನು ಜಗಳಕ್ಕೇ ಬಂದಿದ್ದೇನೆ ಅಂದುಕೊಳ್ಳಿ. ‘ಪಥ್ಯ’ದಿಂದ ಸೊರಗುವ ರೋಗಿಗಳಿಗೆ ಲೆಕ್ಕವಿಲ್ಲ. ಮೊಟ್ಟೆ ಉಷ್ಣ, ಬೇಳೆ ವಾಯು, ಮೀನು ನಂಜು, ಮೊಸರು ಶೀತ ಎಂದು ಒಂದೊಂದೇ ತೆಗೆದು ಕೊನೆಗೆ ಉಳಿಯುವುದು ಅಕ್ಕಿ ಗಂಜಿ, ಮೆಣಸಿನ ಸಾರು. ರೋಗ ಕೆರಳಿದಾಗ ಬೇಕಾದ ಪ್ರೋಟೀನ್ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ. 50 ಕಿಲೋ ಇರುವವರಿಗೆ ದಿನಕ್ಕೆ 60ರಿಂದ 75 ಗ್ರಾಂ. ಒಂದು ಬಟ್ಟಲು ತೆಳು ಗಂಜಿಯಲ್ಲಿ ಎರಡು ಗ್ರಾಂ ಸಿಕ್ಕರೆ ಹೆಚ್ಚು. ಮೊಟ್ಟೆ ಒಂದಕ್ಕೆ 6 ಗ್ರಾಂ, ಗಟ್ಟಿ ಹೆಸರುಬೇಳೆ ತೊವ್ವೆ ಬಟ್ಟಲಿಗೆ ಆರೇಳು, ಮೊಸರು 100 ಗ್ರಾಂಗೆ ಮೂರು, ಬೇಯಿಸಿದ ಮೀನು 100 ಗ್ರಾಂಗೆ ಸುಮಾರು 20. ಮೂರು ಮೊಟ್ಟೆ, ಎರಡು ಬಟ್ಟಲು ತೊವ್ವೆ, 300 ಗ್ರಾಂ ಮೊಸರು, ಒಂದು ತುಂಡು ಮೀನು ಸೇರಿದರೆ 60 ಮುಟ್ಟುತ್ತದೆ. ಮಾಂಸ ತಿನ್ನದವರಿಗೆ ಮೀನಿನ ಬದಲು 100 ಗ್ರಾಂ ಪನೀರ್. ಮೊಟ್ಟೆಯೂ ಇಲ್ಲದ ಮನೆಯಾದರೆ ಪ್ರೋಟೀನ್ ಪುಡಿ ಬೇಕೇ ಎಂದು ಡಯಟಿಷಿಯನ್ ಬಳಿ ಕೇಳಿ.

ಹಾಲು ಎಲ್ಲರಿಗೂ ಆಗುವುದಿಲ್ಲವೆಂದಿಲ್ಲ. ಎರಡು ವಾರ ಬಿಟ್ಟು, ಮತ್ತೆ ಅರ್ಧ ಲೋಟ ಕೊಟ್ಟು ನೋಡಿ. ವ್ಯತ್ಯಾಸವಿಲ್ಲದಿದ್ದರೆ ಬಿಡಿಸಬೇಡಿ, ಸ್ಟೀರಾಯ್ಡ್ ತಿನ್ನುವವರ ಮೂಳೆಗೆ ಕ್ಯಾಲ್ಸಿಯಂ ಬೇಕು. ನಾರಿನ ವಿಷಯ ಬೇರೆ. ಕ್ರೋನ್ಸ್‌ನಲ್ಲಿ ಕರುಳು ಕಿರಿದಾಗಿದೆ ಎಂದು ಡಾಕ್ಟರ್ ಹೇಳಿದ್ದರೆ ಬಾಳೆದಿಂಡು, ನುಗ್ಗೆಕಾಯಿ, ಹಲಸು, ಕಾಯಿತುರಿ, ಮೆಕ್ಕೆಜೋಳ, ಸಿಪ್ಪೆ ಸಹಿತ ಕಾಳು ಬೇಡ, ಸಿಕ್ಕಿಹಾಕಿಕೊಳ್ಳುತ್ತವೆ. ರಾಗಿ ಬೇಕೇಬೇಕು ಅನ್ನುವವರಿಗೆ ನೆನೆಸಿ ಅರೆದು ಬಟ್ಟೆಯಲ್ಲಿ ಸೋಸಿದ ಹಾಲಿನ ಮಣ್ಣಿ. ಕಿರಿದಾಗಿಲ್ಲ, ರೋಗವೂ ಶಾಂತವಾಗಿದೆ ಅಂದರೆ ತರಕಾರಿ ನಿಲ್ಲಿಸಲು ಕಾರಣವೇ ಇಲ್ಲ.

ಅಮೃತಬಳ್ಳಿ ಕಷಾಯ ದಯವಿಟ್ಟು ಬೇಡ. ಕೋವಿಡ್ ಕಾಲದಿಂದ ಇದರಿಂದ ಲಿವರ್ ಕೆಟ್ಟ ವರದಿಗಳು ನಮ್ಮ ದೇಶದಿಂದಲೇ ಬಂದಿವೆ. ಮೇಲಾಗಿ ಒಂದು ಕೈಯಲ್ಲಿ ಇಮ್ಯೂನಿಟಿ ತಗ್ಗಿಸುವ ಮದ್ದು, ಇನ್ನೊಂದು ಕೈಯಲ್ಲಿ ಅದನ್ನೇ ಎಬ್ಬಿಸುವ ಕಷಾಯ ಯಾವ ಲೆಕ್ಕ?

ಸ್ಟೋಮಾ ಕೇರ್
ಆಪರೇಷನ್ ಆಗಿ ಇಲಿಯಾಸ್ಟಮಿ ಇಟ್ಟವರ ಮನೆಯವರಿಗಾಗಿ. ಕೆಲಸ ಆಪರೇಷನ್ನಿಗೆ ಮೊದಲೇ ಶುರುವಾಗುತ್ತದೆ. ಸ್ಟೋಮಾ ಜಾಗ ಗುರುತು ಹಾಕುವಾಗ ರೋಗಿ ದಿನಾ ಉಡುವ ಬಟ್ಟೆಯಲ್ಲೇ ಬರಲಿ. ಲಂಗದ ಲಾಡಿ, ಪಂಚೆಯ ಗಂಟು, ಪ್ಯಾಂಟಿನ ಬೆಲ್ಟ್ ಎಲ್ಲಿ ಬರುತ್ತದೆಂದು ನಿಂತು, ಕೂತು, ಬಗ್ಗಿ ತೋರಿಸಬೇಕು. ಲಾಡಿ ಚೀಲದ ಮೇಲೆಯೇ ಬಂದರೆ ಆಮೇಲೆ ದಿನಾ ಸೋರಿಕೆ.

ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ತುಂಬುವವರೆಗೆ ಬಿಟ್ಟರೆ ಭಾರಕ್ಕೆ ಬೇಸ್ ಪ್ಲೇಟ್ (ಚರ್ಮಕ್ಕೆ ಅಂಟುವ ತಳ) ಏಳುತ್ತದೆ. ಪ್ಲೇಟ್ ಬದಲಿಸುವುದು ಮೂರು ನಾಲ್ಕು ದಿನಕ್ಕೊಮ್ಮೆ, ಬೆಳಿಗ್ಗೆ ಕಾಫಿ ತಿಂಡಿಗೆ ಮೊದಲು. ಆಗ ಹರಿವು ಕಡಿಮೆ. ಬರೀ ನೀರಿನಲ್ಲಿ ತೊಳೆದು, ಒತ್ತಿ ಒಣಗಿಸಿ. ಡೆಟಾಲ್, ಪೌಡರ್, ಕೊಬ್ಬರಿ ಎಣ್ಣೆ ಸವರಿದ ಚರ್ಮಕ್ಕೆ ಅಂಟು ಹಿಡಿಯುವುದಿಲ್ಲ. ಅಳತೆ ಕಾರ್ಡ್ ಇಟ್ಟು ಸ್ಟೋಮಾಗಿಂತ 2-3 ಮಿ.ಮೀ. ಮಾತ್ರ ದೊಡ್ಡದಾಗಿ ತೂತು ಕತ್ತರಿಸಿ. ‘ಇರಲಿ, ಸ್ವಲ್ಪ ಸಡಿಲ’ ಎಂದು ದೊಡ್ಡದು ಮಾಡಿದರೆ ಸಣ್ಣ ಕರುಳಿನ ಜೀರ್ಣರಸ ಸುತ್ತಲ ಚರ್ಮವನ್ನೇ ಸುಡುತ್ತದೆ. ಅಂಟಿಸಿದ ಮೇಲೆ ಅಂಗೈ ಇಟ್ಟು ಒಂದೆರಡು ನಿಮಿಷ ಬೆಚ್ಚಗೆ ಒತ್ತಿ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಿರುತ್ತದೆ, ಆದ್ದರಿಂದ ಪ್ರತಿ ಸಲ ಮತ್ತೆ ಅಳೆಯಿರಿ. ಆಸ್ಪತ್ರೆಯಲ್ಲಿ ಕತ್ತರಿಸಿ ಕೊಟ್ಟ ಅಳತೆಯನ್ನೇ ತಿಂಗಳುಗಟ್ಟಲೆ ಬಳಸುವುದರಿಂದಲೇ ಅರ್ಧ ಸೋರಿಕೆ ಆಗುವುದು. ಸ್ಟೋಮಾ ಕೆಂಪಾಗಿ ಒದ್ದೆಯಾಗಿರಬೇಕು. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿಯಿಲ್ಲ. ನೇರಳೆ, ಕಪ್ಪು ಆದರೆ ಆ ಕ್ಷಣವೇ ಹೊರಡಿ.

ಹರಿದುಬಂದದ್ದನ್ನು 100 ಮಿ.ಲೀ. ಗೆರೆಯಿರುವ ಜಗ್ಗಿನಲ್ಲಿ ಅಳೆದು ಬರೆಯಿರಿ. 24 ಗಂಟೆಯಲ್ಲಿ ಒಂದೂವರೆ ಲೀಟರ್ ದಾಟಿದರೆ ಹೆಚ್ಚು. ಇಲ್ಲಿ ಎಲ್ಲ ಮನೆಗಳಲ್ಲೂ ಆಗುವ ತಪ್ಪು: ‘ನೀರು ಹೋಗುತ್ತಿದೆ, ನೀರು ಕುಡಿ’. ಬರೀ ನೀರು, ಎಳನೀರು, ಟೀ ಹೆಚ್ಚಿಸಿದಷ್ಟೂ ಅದು ಕರುಳಿನ ಉಪ್ಪನ್ನು ಎಳೆದುಕೊಂಡು ಹೊರಬರುತ್ತದೆ, ಜಗ್ಗು ಇನ್ನಷ್ಟು ತುಂಬುತ್ತದೆ. ಬರೀ ನೀರನ್ನು ಮಿತಿಗೊಳಿಸಿ ಓಆರ್‌ಎಸ್ ಕೊಡಬೇಕು. ಹರಿವು ಬಹಳ ಇದ್ದರೆ ಡಾಕ್ಟರ್ ಇನ್ನೂ ಉಪ್ಪಿನ ದ್ರಾವಣ ಹೇಳುತ್ತಾರೆ: ಒಂದು ಲೀಟರ್ ನೀರಿಗೆ ಗ್ಲೂಕೋಸ್ 20 ಗ್ರಾಂ, ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಚಮಚ ಬೇಡ, ಸಣ್ಣ ತೂಕದ ಯಂತ್ರದಲ್ಲಿ ತೂಗಿ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಹೇಳದೆ ಕೊಡಬಾರದು.

ಫಾರ್ಮಸಿ ಕೌಂಟರ್
ಓಆರ್‌ಎಸ್ ಬಗ್ಗೆ ಸೇರಿಸುತ್ತೇನೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್‌ಗೆ, ಸಣ್ಣದು 200 ಮಿ.ಲೀ.ಗೆ. ದೊಡ್ಡದರಿಂದ ಲೋಟಕ್ಕೆ ಒಂದು ಚಮಚ ಎಂದು ಅಂದಾಜಿನಲ್ಲಿ ಹಾಕಬೇಡಿ. ಕಲಸಿದ್ದು 24 ಗಂಟೆ ಮಾತ್ರ. ಹಣ್ಣಿನ ರುಚಿಯ ಟೆಟ್ರಾಪ್ಯಾಕ್ ಪಾನೀಯ ಓಆರ್‌ಎಸ್ ಅಲ್ಲ, ಸಕ್ಕರೆ ಹೆಚ್ಚಾಗಿ ಭೇದಿ ಜಾಸ್ತಿಯೇ ಆಗುತ್ತದೆ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದೆಂದು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಆದೇಶ ಮಾಡಿದೆ.

ಶಿವಮೊಗ್ಗ ಕೇರ್‌ಗಿವರ್
ಚೀಲಕ್ಕೆ ಏನೂ ಬರದೆ ಇದ್ದರೆ?

ಸ್ಟೋಮಾ ಕೇರ್
ನಾಲ್ಕರಿಂದ ಆರು ಗಂಟೆ ಏನೂ ಬರದೆ ಹೊಟ್ಟೆ ಹಿಂಡಿದರೆ ತಡೆ ಇರಬಹುದು. ಕಾಯಿತುರಿ, ಅಣಬೆ, ಜೋಳ ತಿಂದಿದ್ದರೆ ಅನುಮಾನ ಹೆಚ್ಚು. ಗಟ್ಟಿ ಆಹಾರ ನಿಲ್ಲಿಸಿ, ತೂತು ಬಿಗಿಯಾಗಿದ್ದರೆ ಪ್ಲೇಟ್ ತೆಗೆದು ದೊಡ್ಡ ತೂತಿನದು ಹಾಕಿ, ಮೊಣಕಾಲು ಮಡಚಿ ಮಲಗಿ. ವಾಂತಿ ಶುರುವಾದರೆ ಅಥವಾ ಸ್ಟೋಮಾ ಊದಿದರೆ ಕಾಯಬೇಡಿ. ಹರಳೆಣ್ಣೆ, ಜುಲಾಬಿನ ಮಾತ್ರೆ ಯಾವುದೂ ಬೇಡ.

ಕಲಬುರಗಿ ಓದುಗ
ಇಷ್ಟೆಲ್ಲ ಬರೆದಿಟ್ಟುಕೊಂಡು ಮನೆಯವರು ದಿನವಿಡೀ ‘ಎಷ್ಟು ಸಲ ಹೋದೆ’ ಎಂದು ಹಿಂದೆ ಬಿದ್ದರೆ ಹುಡುಗರು ಸುಳ್ಳು ಹೇಳಲು ಶುರು ಮಾಡುತ್ತಾರಲ್ಲ?

ಗ್ಯಾಸ್ಟ್ರೋ ವಾರ್ಡ್ ಸಿಸ್ಟರ್
ಖಂಡಿತ ಹೇಳುತ್ತಾರೆ. ಊಟಕ್ಕೆ ಕೂತಾಗ, ನೆಂಟರೆದುರು ಕೇಳಲೇಬಾರದು. ಆಸ್ಪತ್ರೆಯ ಚಾರ್ಟ್ ರೋಗ ಕೆರಳಿದಾಗ ಮಾತ್ರ. ಶಾಂತವಿದ್ದಾಗ ರೋಗಿಯೇ ವಾರಕ್ಕೊಮ್ಮೆ ತೂಕ, ರಾತ್ರಿ ಎದ್ದದ್ದು, ರಕ್ತ ಕಂಡದ್ದು ಇಷ್ಟು ಬರೆದರೆ ಸಾಕು. ಹನ್ನೆರಡು ಹದಿಮೂರು ದಾಟಿದ ಮಕ್ಕಳ ಕೈಗೆ ಪುಸ್ತಕ ಅವರದೇ ಕೊಡಿ. ಕ್ಲಿನಿಕ್ಕಿನಲ್ಲಿ ಮೊದಲ ಐದು ನಿಮಿಷ ಮಗುವೊಂದೇ ಮಾತಾಡಲಿ, ಅಪ್ಪ ಅಮ್ಮ ಆಮೇಲೆ ಒಳಗೆ ಬರಲಿ.

ಶಿವಮೊಗ್ಗ ಕೇರ್‌ಗಿವರ್
ಕೊನೆಯದಾಗಿ, ರಾತ್ರಿ ಆಸ್ಪತ್ರೆಗೆ ಫೋನ್ ಮಾಡಿದರೆ ಏನು ಹೇಳಬೇಕು? ‘ಬಹಳ ಸುಸ್ತು’ ಅಂದರೆ ‘ಬೆಳಿಗ್ಗೆ ಬನ್ನಿ’ ಅನ್ನುತ್ತಾರೆ.

ಗ್ಯಾಸ್ಟ್ರೋ ವಾರ್ಡ್ ಸಿಸ್ಟರ್
ಫೋನ್ ಮಾಡುವ ಮೊದಲು ರೋಗಿಯನ್ನು ಐದು ನಿಮಿಷ ಮಲಗಿಸಿ, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಜ್ವರ ನೋಡಿ. ಆಮೇಲೆ ಹೀಗೆ ಹೇಳಿ: ‘ಅಲ್ಸರೇಟಿವ್ ಕೊಲೈಟಿಸ್, ನಿನ್ನೆ ರಾತ್ರಿ ಹತ್ತರಿಂದ ಈವರೆಗೆ 11 ಸಲ, 9 ಸಲ ರಕ್ತ, ನಾಡಿ 112, ಜ್ವರ 38, ಹೊಟ್ಟೆ ಉಬ್ಬಿದೆ, ಮೂತ್ರ ಮಧ್ಯಾಹ್ನದಿಂದ ಆಗಿಲ್ಲ, ಪ್ರೆಡ್ನಿಸೊಲೋನ್ 25ರಲ್ಲಿದ್ದಾರೆ, ಇನ್‌ಫ್ಲಿಕ್ಸಿಮ್ಯಾಬ್ ಕೊನೆಯ ಡೋಸ್ ಇಂಥ ದಿನ.’ ಪ್ರೊಪ್ರನಲಾಲ್, ಮೆಟೊಪ್ರೊಲಾಲ್ (ನಾಡಿ ನಿಧಾನ ಮಾಡುವ ಮದ್ದು) ತೆಗೆದುಕೊಳ್ಳುವವರಾದರೆ ಅದನ್ನೂ ಹೇಳಿ, ಅವರ ನಾಡಿ ಅಷ್ಟಾಗಿ ಏರುವುದಿಲ್ಲ. ಹೊರಡುವಾಗ ಮಲದ ಚಾರ್ಟ್, ಎಲ್ಲ ಸ್ಟ್ರಿಪ್‌ಗಳು, ಹಳೆಯ ಕೊಲೊನೋಸ್ಕೋಪಿ ರಿಪೋರ್ಟ್, ಎರಡು ಜೊತೆ ಬಟ್ಟೆ, ಸ್ಟೋಮಾ ಇದ್ದರೆ ಕತ್ತರಿಸಿಟ್ಟ ಪ್ಲೇಟ್ ಎರಡು ಬ್ಯಾಗಿನಲ್ಲಿರಲಿ. ರಾತ್ರಿ ಹೊತ್ತಿನಲ್ಲಿ ವಾರ್ಡಿನ ಸ್ಟೋರ್‌ನಲ್ಲಿ ನಿಮ್ಮ ಅಳತೆಯದು ಸಿಗುವ ಭರವಸೆ ಇಲ್ಲ.